ಅಂಚಿಲ್ಲದ ಬದಿ

ನಾನು ಮಕ್ಕಳಿಗಾಗಿ ಹುಟ್ಟಿದ ಮೇಜಲ್ಲ. ಮದ್ದೂರಿನ ಹೊರಗಿನ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಶರಟು ಮಡಚಲೆಂದು ಬಡಗಿ ನನ್ನನ್ನು ಮಾಡಿ ನಿಲ್ಲಿಸಿದ. ಹೊಸ ಬಟ್ಟೆಯ ವಾಸನೆ, ಇಸ್ತ್ರಿಯ ಹದವಾದ ಬಿಸಿ. ನನ್ನ ಬಾಳು ಸುಖವಾಗಿಯೇ ಇತ್ತು. ಪ್ಯಾಕಿಂಗ್ ವಿಭಾಗಕ್ಕೆ ಕಬ್ಬಿಣದ ಮೇಜುಗಳು ಬಂದವು ನೋಡಿ, ನನ್ನನ್ನು ಕೂಸಿನ ಕೋಣೆಗೆ ತಳ್ಳಿಬಿಟ್ಟರು. ಕೆಲಸಕ್ಕೆ ಬರುವ ತಾಯಂದಿರು ಹಸುಗೂಸುಗಳನ್ನು ಬಿಟ್ಟು ಹೋಗುವ ಕೋಣೆ ಅದು. ಕೂಸುಗಳ ಬಟ್ಟೆ ಬದಲಿಸಲೆಂದು ಅದೇ ಬಡಗಿ ಬಂದು ನನ್ನ ಮೇಲೆ ಸ್ಪಂಜು ಹಾಸಿ, ರೆಕ್ಸಿನ್ ಬಿಗಿದು, ಮೂರು ಬದಿಗೆ ಗೇಣೆತ್ತರದ ಅಂಚು ಹೊಡೆದ. ಆಯಾ ನಿಲ್ಲಲು ಬೇಕೆಂದು ನಾಲ್ಕನೆಯ ಬದಿಯನ್ನು ಹಾಗೇ ಬಿಟ್ಟ. ಮೊದಲ ಕೂಸು ಮಲಗಿದ ಕೂಡಲೇ ನನ್ನನ್ನು ಒದ್ದೆ ಮಾಡಿತು. ಶರಟುಗಳು ಎಂದೂ ಹಾಗೆ ಮಾಡಿರಲಿಲ್ಲ.

ಆಯಾ ಸಣ್ಣಮ್ಮ ಇಲ್ಲದಿದ್ದರೆ ನಾನು ವಾರದೊಳಗೆ ನಾರಿಹೋಗುತ್ತಿದ್ದೆ. ಒಂದು ಮಗುವನ್ನು ಎತ್ತಿದ ಮೇಲೆ ಸೋಪಿನ ನೀರಿನಿಂದ ಒರೆಸಿ, ತೇವ ಉಳಿಯದಂತೆ ಒಣಬಟ್ಟೆ ಆಡಿಸಿಯೇ ಅವಳು ಇನ್ನೊಂದನ್ನು ಮಲಗಿಸುವುದು. ಹೊಲಿಗೆಯ ಸಂದಿಗಳಿಗೆ ಹಲ್ಲುಜ್ಜುವ ಹಳೆಯ ಬ್ರಷ್ಷು. ನನ್ನ ಮೇಲೆ ಪಿನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. ಎಡಗೈಯನ್ನು ಮಗುವಿನ ಹೊಟ್ಟೆಯ ಮೇಲೆ ಇಟ್ಟಳೆಂದರೆ ಕೆಲಸ ಮುಗಿಯುವವರೆಗೆ ತೆಗೆಯುತ್ತಿರಲಿಲ್ಲ. ಆ ಕೈಯಿದ್ದಷ್ಟು ಹೊತ್ತು ನನಗೂ ನೆಮ್ಮದಿ.

ಅವಳ ಇನ್ನೊಂದು ಅಭ್ಯಾಸವೇ ಕುತ್ತಿಗೆಗೆ ಬಂದದ್ದು. ಮೊದಲ ಹಲ್ಲು, ಮೊದಲ ತೊದಲು, ಮೊದಲ ಹೆಜ್ಜೆ, ಎಷ್ಟೋ ಸಲ ಇವೆಲ್ಲ ಈ ಕೋಣೆಯಲ್ಲೇ ಆಗಿಬಿಡುತ್ತಿದ್ದವು. ಸಣ್ಣಮ್ಮ ಬಾಯಿ ಬಿಡುತ್ತಿರಲಿಲ್ಲ. ತಾಯಿ ಮನೆಯಲ್ಲಿ ಅದನ್ನು ಕಂಡು, ಮರುದಿನ ಓಡಿ ಬಂದು ಹೇಳಿದಾಗ "ಹೌದಾ!" ಎಂದು ಕೆನ್ನೆಗೆ ಕೈಯಿಡುವಳು. ಎಂಥ ನಾಟಕಗಾತಿ! ನನಗೆ ನಗು ಬರುತ್ತಿತ್ತು.

ಕಾಲರ್ ಹೊಲಿಯುವ ಚಂದ್ರಿಕಾಳ ಮಗಳು ಧೃತಿ. ಒಂದು ಸೋಮವಾರ ಆ ಕೂಸು ನನ್ನ ಮೇಲೆ ಮಲಗಿದ್ದಾಗ ಕಾಲೆತ್ತಿ, ಸೊಂಟ ತಿರುಗಿಸಿ, ಗಕ್ಕನೆ ಬೋರಲಾಯಿತು. ಸಣ್ಣಮ್ಮನ ಕೈಯಿತ್ತು, ಬಚಾವು. ಅವಳು ಆಚೀಚೆ ನೋಡಿ, ಮಗುವಿಗೊಂದು ಮುತ್ತಿಟ್ಟು, ಎಂದಿನಂತೆ ಸುಮ್ಮನಾದಳು. ಅಂದಿನಿಂದ ನನಗೆ ಜೀವದಲ್ಲಿ ಜೀವವಿರಲಿಲ್ಲ. ಹಾಲೂಡಿಸುವ ಬಿಡುವಿನಲ್ಲಿ ಬರುತ್ತಿದ್ದ ಚಂದ್ರಿಕಾ ತಾನೇ ಬಟ್ಟೆ ಬದಲಿಸುತ್ತಿದ್ದಳು. ಮಗು ಮಲಗಿಸಿದಲ್ಲೇ ಇರುತ್ತದೆಂದು ನಂಬಿದ್ದಳು.

"ಬುಡವ್ವ, ನಾನೇ ಮಾಡ್ತೀನಿ," ಎಂದು ಸಣ್ಣಮ್ಮ ಅಡ್ಡ ಬಂದಳು.

"ನನ್ ಮಗೀಗೆ ಒಂದ್ ಬಟ್ಟೆ ಹಾಕಕ್ಕೂ ಬುಡಕಿಲ್ವಾ ಸಣ್ಣಕ್ಕ? ಇಡೀ ದಿನ ನಿನ್ ತಾವೇ ಇರ್ತಳಲ್ಲ."

ಸಣ್ಣಮ್ಮ "ಹುಸಾರು," ಎಂದಷ್ಟೇ ಹೇಳಿ ಹಿಂದೆ ಸರಿದಳು. ಹೇಳೇ ತಾಯಿ, ಹೇಳಿಬಿಡೇ ಎಂದು ನಾನು ಒಳಗೊಳಗೇ ಒದ್ದಾಡಿದೆ.

ಗುರುವಾರ ಸಣ್ಣಮ್ಮ ಗೋಡೆಗೊರಗಿ ಮತ್ತೊಂದು ಕೂಸಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ಚಂದ್ರಿಕಾ ಧೃತಿಯನ್ನು ನನ್ನ ಮೇಲೆ ಮಲಗಿಸಿ ಒದ್ದೆ ಬಟ್ಟೆ ಬಿಚ್ಚಿದ್ದಳು, ಒಣಬಟ್ಟೆ ಚೀಲದಲ್ಲೇ ಉಳಿದಿತ್ತು. ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ. ಚಂದ್ರಿಕಾ ಮಗುವಿನ ಮೇಲಿಂದ ಕೈ ತೆಗೆದಳು. ಬಾಗಿಲ ಕಡೆ ತಿರುಗಿದಳು. ಪುಟ್ಟ ಹಿಮ್ಮಡಿ ರೆಕ್ಸಿನ್ನನ್ನು ಒತ್ತಿದ್ದು ನನಗೆ ತಿಳಿಯಿತು. ಸೊಂಟ ಎದ್ದಿತು. ಅದೂ ಅಂಚಿಲ್ಲದ ಬದಿಗೆ! ನನಗೆ ಕಾಲು ನಾಲ್ಕಿದ್ದರೂ ಕೈ ಒಂದೂ ಇಲ್ಲವಲ್ಲ.

"ಚಂದ್ರೀ! ಕೂಸು!"

ಸರಿಯ ಬಟ್ಟಲು ನೆಲಕ್ಕುರುಳಿತು. ತಿನ್ನಿಸುತ್ತಿದ್ದ ಕೂಸನ್ನು ಕಂಕುಳಿಗೆ ಅವುಚಿಕೊಂಡೇ ಸಣ್ಣಮ್ಮ ಹಾರಿ ಬಂದು, ಜಾರುತ್ತಿದ್ದ ಧೃತಿಯನ್ನು ಮೊಣಕೈಯಿಂದ ನನಗೆ ಒತ್ತಿ ಹಿಡಿದಳು. ಮಗುವಿನ ತಲೆ ನನ್ನಿಂದಾಚೆ ನೇತಾಡುತ್ತಿತ್ತು.

ಚಂದ್ರಿಕಾ ಮಗಳನ್ನು ಎದೆಗೊತ್ತಿಕೊಂಡಳು. ಆಮೇಲೆ ಕೇಳಿದಳು, "ಬೋರ್ಲಾಯ್ತಳೆ ಅಂತ ನಿಂಗೆ ಗೊತ್ತಿತ್ತಾ?"

"ಸೋಮಾರವೇ ಆದ್ಲು ಕಣವ್ವ. ನಿನ್ ಕಣ್ಗೇ ಮೊದ್ಲು ಬೀಳ್ಲಿ ಅಂತ ಸುಮ್ನಿದ್ದೆ."

ಚಂದ್ರಿಕಾಳ ದೊಡ್ಡ ಮಗನೂ ಇದೇ ಕೋಣೆಯಲ್ಲಿ ಬೆಳೆದವನು. ಅವನು ಬೋರಲಾದದ್ದನ್ನು ಮೊದಲು ಕಂಡವಳು ತಾನೇ ಎಂದು ಅವಳು ಅಲ್ಲಿಯವರೆಗೂ ಹೇಳಿಕೊಳ್ಳುತ್ತಿದ್ದಳು.

"ದೊಡ್ಡೋನ್ದೂ ಹಿಂಗೇನಾ?"

ಸಣ್ಣಮ್ಮ ತಲೆ ತಗ್ಗಿಸಿದಳು. ಬಿಡುವು ಮುಗಿದ ಗಂಟೆ ಹೊಡೆಯಿತು. ಚಂದ್ರಿಕಾ ಮಗಳನ್ನು ಅವಳ ಕೈಗೆ ಕೊಟ್ಟು, ತಿರುಗಿಯೂ ನೋಡದೆ ಹೋದಳು. ಇನ್ನು ಈ ಮಗು ಇಲ್ಲಿಗೆ ಬರುವುದಿಲ್ಲವೆಂದೇ ನಾನು ಎಣಿಸಿದೆ.

ಈಗ ನನಗೆ ಮುಪ್ಪು. ರೆಕ್ಸಿನ್ ಹರಿದಿದೆ, ಒಂದು ಕಾಲು ಕುಂಟುತ್ತದೆ. ಒಗೆದ ಬಟ್ಟೆಗಳನ್ನು ಹೊತ್ತು ಮೂಲೆಯಲ್ಲಿ ನಿಂತಿದ್ದೇನೆ. ಸಣ್ಣಮ್ಮ ಈಗ ಎಲ್ಲವನ್ನೂ ಬಾಗಿಲಲ್ಲೇ ತಾಯಂದಿರಿಗೆ ಹೇಳಿಬಿಡುತ್ತಾಳೆ. ಕೇಳಿ ಕೆಲವರ ಮುಖ ಅರಳಿ, ಮರುಗಳಿಗೆ ಬಾಡುತ್ತದೆ. ನೋಡಲು ಸಂಕಟವಾಗುತ್ತದೆ. ಆದರೂ ಮಗು ಬೀಳುವುದಕ್ಕಿಂತ ಅದೇ ವಾಸಿ.

ಆಗೆಲ್ಲ ನನಗೆ ನೆನಪಾಗುವುದು ಆ ಗುರುವಾರದ ಮರುದಿನ, ಶುಕ್ರವಾರದ ಬೆಳಗು. ಚಂದ್ರಿಕಾ ಬಂದಳು. ಕಂಕುಳಲ್ಲಿ ಧೃತಿ, ಕೈಯಲ್ಲಿ ಡಬ್ಬಿ. ಮಗು ಬೋರಲಾದರೆ ಅವಳ ಮನೆಯಲ್ಲಿ ಕಾಯಿಕಡುಬು ಮಾಡುತ್ತಾರಂತೆ. ಅತ್ತು ಅವಳ ಕಣ್ಣು ಊದಿಕೊಂಡಿತ್ತು. ಡಬ್ಬಿಯ ಕಡುಬನ್ನು ಅವಳಿನ್ನೂ ಯಾರಿಗೂ ಹಂಚಿರಲಿಲ್ಲ.

"ತಗೋ ಸಣ್ಣಕ್ಕ," ಎಂದಳು. "ಮೊದ್ಲು ನೋಡ್ದೋಳು ನೀನು. ಮೊದ್ಲು ನೀನೇ ತಿನ್ನು."