ಲ್ಯಾಮಿನೇಟ್ ಮಾಡಿದ ಕಾಗದ

ನನ್ನ ತಂಗಿಗೆ ಅರವತ್ತೆರಡು ವರ್ಷ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು. ಮದುವೆಯ ಮಾತು ಬಂದಾಗಲೆಲ್ಲ ಉತ್ತರಪತ್ರಿಕೆ ತಿದ್ದುವುದಿದೆ ಎಂದು ಎದ್ದು ಹೋದವಳು. ನನ್ನ ಯಜಮಾನರು ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ಅಂಥವಳು ಆ ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಫೋನ್ ಕೆಳಗಿಟ್ಟು, ಅಡುಗೆಮನೆಗೆ ಓಡಿ, ಕಸದ ಡಬ್ಬಿಗಳ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಅಕ್ಕಾ, ಕೆಂಪು ಡಬ್ಬಿ ಖಾಲಿ."

"ಲಾರಿ ಬಂದು ಹೋಯ್ತಲ್ಲೇ, ಖಾಲಿ ಇರದೆ ಇನ್ನೇನು?"

"ಅದರಲ್ಲಿ ಅವರ ಕಾಗದ ಇತ್ತು."

ಅವರು ಎಂದರೆ ಊರಾಚೆ ಕಸ ಸುಡುವ ಕಾರ್ಖಾನೆಯ ಕ್ರೇನ್ ಆಪರೇಟರು. ಬೆನ್ನ ಹಿಂದೆ ನಾನು ಕ್ರೇನಪ್ಪ ಅನ್ನುತ್ತೇನೆ. ಹೋದ ವರ್ಷ ಅಲ್ಲಿಯ ಚಿಮಣಿ ನೋಡಿ ತಂಗಿ ಜಗಳಕ್ಕೆಂದೇ ಹೋಗಿದ್ದಳು. "ಅದು ಹೊಗೆ ಅಲ್ಲ ಟೀಚರ್, ಹೆಚ್ಚಿನ ಪಾಲು ಹಬೆ" ಎಂದು ಅವರು ಒಂದೂವರೆ ಗಂಟೆ ವಿವರಿಸಿದರಂತೆ. ಉಳಿದದ್ದನ್ನು ವಿವರಿಸಲು ಮುಂದಿನ ಶನಿವಾರ ನಮ್ಮ ಮನೆಗೇ ಬಂದರು. ಆಮೇಲೆ ಆ ವಿವರಣೆ ಮುಗಿಯಲೇ ಇಲ್ಲ.

ಕಸ ಸುಡುವ ಕುಲುಮೆಗಳಲ್ಲಿ ಬಗೆಗಳಿವೆ ಎಂದು ನನಗೆ ಗೊತ್ತಾದದ್ದು ಅವರಿಂದ. ಅವರದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಬ್ಬಿಣದ ಪಟ್ಟಿಗಳು ಹಿಂದೆ ಮುಂದೆ ಆಡುತ್ತ ಕಸವನ್ನು ಬೆಂಕಿಯೊಳಗೆ ಕೆಳಕೆಳಗೆ ತಳ್ಳುವ ಕುಲುಮೆ. ಬಣ್ಣ, ಔಷಧಿ, ರಾಸಾಯನಿಕಗಳ ಕಸಕ್ಕೆ ಬೇರೆ ಕಾರ್ಖಾನೆಯಲ್ಲಿ ಮಲಗಿಸಿದ ಪೀಪಾಯಿಯ ಹಾಗೆ ಉರುಳುವ ಕುಲುಮೆ. ಮತ್ತೊಂದರಲ್ಲಿ ಕೆಳಗಿನಿಂದ ಗಾಳಿ ಊದಿ, ಕಾದ ಮರಳು ಹಾಲಿನಂತೆ ಕುದಿಯುವ ಹಾಗೆ ಮಾಡಿ, ಅದರೊಳಗೆ ಕಸ ಸುಡುತ್ತಾರೆ. ಉರುಳುವುದು ಹೇಗೆಂದು ತೋರಿಸಲು ಅವರು ನನ್ನ ದಿಂಬನ್ನು ಊಟದ ಮೇಜಿನ ಮೇಲೆ ಉರುಳಿಸಿದರು. ವಾಪಸು ಕೊಡುವಾಗ ಕೊಡವಿ, ಬಿಚ್ಚಿಕೊಂಡಿದ್ದ ಗುಂಡಿ ಹಾಕಿ ಕೊಟ್ಟರು. ಆವತ್ತೇ ನಾನು ಅವರನ್ನು ಮನಸ್ಸಿನಲ್ಲಿ ಪಾಸು ಮಾಡಿಬಿಟ್ಟೆ.

ಅವರಿಗೆ ಒಂದೇ ಚಟ, ಲ್ಯಾಮಿನೇಷನ್. ಕಾರ್ಖಾನೆಯ ಧೂಳಿನಲ್ಲಿ ಬರೀ ಕಾಗದ ಎರಡು ದಿನ ಬಾಳುವುದಿಲ್ಲವೆಂದು ಅಲ್ಲಿ ಎಲ್ಲ ಸೂಚನೆಗಳಿಗೂ ಪ್ಲಾಸ್ಟಿಕ್ ಹೊದಿಸುತ್ತಾರಂತೆ. ನಮ್ಮ ಅಡುಗೆಮನೆಗೂ ಯಾವ ಕಸ ಯಾವ ಡಬ್ಬಿಗೆ ಎಂಬ ಪಟ್ಟಿ ಲ್ಯಾಮಿನೇಟ್ ಆಗಿಯೇ ಬಂತು. ತಿದ್ದುಪಡಿ ಮಾಡಿದ ಪಟ್ಟಿಗಳು ಮತ್ತೆ ಮೂರು ಬಂದವು. ಎಲ್ಲದರಲ್ಲೂ ಹನ್ನೊಂದನೆಯ ಸಾಲು ಹೀಗಿತ್ತು: ಲ್ಯಾಮಿನೇಟ್ ಮಾಡಿದ ಕಾಗದ ಸುಡಲು, ಕೆಂಪು ಡಬ್ಬಿಗೆ.

ಆ ಬೆಳಗ್ಗೆ ಅವರು ಡ್ಯೂಟಿಗೆ ಹೋಗುವಾಗ ಬಾಗಿಲ ಕೆಳಗೆ ಇನ್ನೊಂದನ್ನು ತೂರಿಸಿ ಹೋಗಿದ್ದರು. ತಂಗಿ ಕನ್ನಡಕ ಹಾಕಿರಲಿಲ್ಲ. ಬೀದಿಯಲ್ಲಿ ಕಸದ ಲಾರಿ ಹಾರ್ನ್ ಹೊಡೆಯುತ್ತಿತ್ತು. ಐದನೇ ಪಟ್ಟಿ, ಸಾಕಪ್ಪಾ ಸಾಕು ಎಂದುಕೊಂಡು ನಿಯಮದ ಪ್ರಕಾರ ಕೆಂಪು ಡಬ್ಬಿಗೆ ಹಾಕಿ, ಚೀಲ ಕಟ್ಟಿ ಕೊಟ್ಟುಬಿಟ್ಟಿದ್ದಳು.

"ಫೋನಲ್ಲಿ ಏನಂದ್ರು?"

"ಕಾಗದ ಓದಿದ್ರಾ ಟೀಚರ್, ಇಬ್ಬರ ವಿಷಯ, ಯೋಚನೆ ಮಾಡಿ, ಸಂಜೆ ಐದಕ್ಕೆ ಬರ್ತೀನಿ, ಹೂಂ ಅಥವಾ ಊಹೂಂ ಅಂದ್ರೆ ಸಾಕು ಅಂದ್ರು."

"ನೀನೇನಂದೆ?"

"ಓದಿದೆ ಅಂದೆ."

"ಓದಿದೆ ಅಂದ್ಯಾ!"

"ಎರಡು ಸಲ ಓದಿದೆ ಅಂದೆ ಅಕ್ಕ."

ಇಬ್ಬರ ವಿಷಯ ಏನೆಂದು ನಮಗಿಬ್ಬರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಜೀವನದಲ್ಲಿ ಬಂದ ಮೊದಲ ಪ್ರೇಮಪತ್ರವನ್ನು ಕಸಕ್ಕೆ ಹಾಕಿದೆ ಎಂದು ಬರೆದವರ ಮುಖಕ್ಕೆ ಹೇಳುವುದು ಹೇಗೆ? ಬೆಂಕಿಗೆ ಬೀಳುವ ಮೊದಲು ಅದನ್ನು ಹಿಡಿಯಬೇಕು, ಅದೂ ಅವರಿಗೆ ಗೊತ್ತಾಗದ ಹಾಗೆ.

"ಸ್ಕೂಟರ್ ತೆಗೀತೀನಿ," ಎಂದಳು.

"ನಾನೂ ಬರ್ತೀನಿ."

"ನಿನ್ನ ಮಂಡಿ?"

"ಮಂಡಿ ಮನೇಲಿರತ್ತೆ, ನೀನು ನಡಿ."

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಸ್ಕೂಟರಿನ ಹಿಂದೆ ಕೂತು ಕಸದ ಲಾರಿಯನ್ನು ಅಟ್ಟಿಸಿಕೊಂಡು ಹೋಗುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತಂಗಿ ತಿರುವುಗಳಲ್ಲಿ ಕೂಡ ವೇಗ ಇಳಿಸಲಿಲ್ಲ. ನನಗೆ ಹೆದರಿಕೆಗಿಂತ ನಗುವೇ ಹೆಚ್ಚಾಗಿ, ಅವಳ ಸೊಂಟ ಹಿಡಿದುಕೊಂಡು ದಾರಿಯುದ್ದಕ್ಕೂ ಕುಲುಕುತ್ತಿದ್ದೆ.

ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದ ಹೆಂಗಸಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಆಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಗಂಭೀರಳಾಗಿ ನಮಗೆ ಹೆಲ್ಮೆಟ್ ಕೊಟ್ಟಳು. ನನ್ನದು ಕಣ್ಣಿನ ತನಕ ಜಾರಿದ್ದನ್ನು ನೋಡಿ ತನ್ನ ಕರವಸ್ತ್ರವನ್ನೇ ಮಡಿಸಿ ಒಳಗಿಟ್ಟಳು.

"ನಿಮ್ಮ ಬೀದಿ ಲಾರಿ ಈಗಷ್ಟೇ ತೂಕ ಆಗಿ ಒಳಗೆ ಹೋಯ್ತು. ಓಡಿ! ಅಜ್ಜಿ, ನೀವು ಓಡಬೇಡಿ, ನನ್ನ ಕೈ ಹಿಡ್ಕೊಳ್ಳಿ."

ಆಕೆ ನಮ್ಮನ್ನು ಸಂದರ್ಶಕರ ಗಾಜಿನ ಪಡಸಾಲೆಗೆ ಹತ್ತಿಸಿದಳು. ಕೆಳಗೆ ನಾಲ್ಕು ಮಹಡಿ ಆಳದ ಗುಂಡಿಯ ತುಂಬ ಊರಿನ ಕಸ. ಲಾರಿ ಆಗಲೇ ಬೆನ್ನೆತ್ತಿ ಸುರಿದು ಹೋಗಿತ್ತು. ಎದುರುಗಡೆ, ಮೇಲೆ, ಗಾಜಿನ ಕೋಣೆಯಲ್ಲಿ ಕ್ರೇನಪ್ಪ ಕೂತಿದ್ದರು. ಅವರ ಕೈ ಆಡಿದ ಹಾಗೆ ಆರು ಬೆರಳಿನ ದೊಡ್ಡ ಕಬ್ಬಿಣದ ಪಂಜ ಇಳಿದು, ಕಸವನ್ನು ಬಾಚಿಕೊಂಡು ಮೇಲೆದ್ದಿತು.

ಅದರ ಒಂದು ಬೆರಳಿಗೆ ನಮ್ಮ ಚೀಲ ನೇತಾಡುತ್ತಿತ್ತು! ಚೀಲದ ಬಾಯಿಗೆ ಹಳೆಯ ಪರದೆಯ ಹಳದಿ ಪಟ್ಟಿ ಕಟ್ಟುವವರು ನಮ್ಮ ಬೀದಿಯಲ್ಲಿ ನಾವು ಮಾತ್ರ.

ತಂಗಿ ಗುಟ್ಟನ್ನೆಲ್ಲ ಮರೆತಳು. "ನಿಲ್ಸಿ! ನಿಲ್ಸಿ!" ಎಂದು ಕೂಗುತ್ತ ಎರಡೂ ಕೈ ಬೀಸಿದಳು. ನಾನೂ ಬೀಸಿದೆ. ಗೇಟಿನ ಹೆಂಗಸೂ ಬೀಸಿದಳು. ಗಾಜಿನಾಚೆ ಏನು ಕೇಳಬೇಕು? ಕ್ರೇನಪ್ಪ ನಮ್ಮನ್ನು ನೋಡಿದರು. ಅವರ ಮುಖ ಅರಳಿತು. ಅವರೂ ಕೈ ಬೀಸಿದರು. ಅಷ್ಟಕ್ಕೆ ತೃಪ್ತಿಯಾಗದೆ ಆ ಭಾರೀ ಪಂಜವನ್ನು ನಮ್ಮ ಕಡೆಗೆ ಮೂರು ಸಲ ಬಗ್ಗಿಸಿ ನಮಸ್ಕಾರ ಮಾಡಿಸಿದರು. ಆಮೇಲೆ ಬಹಳ ಠೀವಿಯಿಂದ ಅದನ್ನು ಕುಲುಮೆಯ ಬಾಯಿಯ ಮೇಲೆ ಒಯ್ದು ಬೆರಳು ಬಿಡಿಸಿದರು.

ಹಳದಿ ಪಟ್ಟಿ ಒಮ್ಮೆ ಹಾರಾಡಿ ಒಳಗೆ ಹೋಯಿತು.

ಗೇಟಿನ ಹೆಂಗಸು ಮೆಲ್ಲಗೆ ತಂಗಿಯ ಬೆನ್ನು ಸವರಿದಳು. "ಮೇಲೆ ಹೋಗೋಣ ಬನ್ನಿ," ಎಂದಳು. ಕ್ಯಾಬಿನ್ನಿನ ಮೆಟ್ಟಿಲ ಮೇಲೆ ತಂಗಿ ನಿಂತುಬಿಟ್ಟಳು.

"ಏನು ಹೇಳ್ಲಿ ಅಕ್ಕ? ಅವರು ಏನು ಬರೆದಿದ್ರು ಅಂತಾನೇ ಗೊತ್ತಿಲ್ಲ."

"ನಿನ್ನ ಉತ್ತರ ಗೊತ್ತಾ?"

"ಅದು ಚಳಿಗಾಲದಿಂದಲೂ ಗೊತ್ತು."

"ಮತ್ತೆ ಕಾಗದ ಯಾಕೆ ಬೇಕು?"

ಕ್ಯಾಬಿನ್ನಿನಲ್ಲಿ ಇದ್ದದ್ದು ಒಂದೇ ಕುರ್ಚಿ. ನನ್ನನ್ನು ನೋಡಿದ್ದೇ ಕ್ರೇನಪ್ಪ ಎದ್ದು, ಅದನ್ನು ಒರೆಸಿ ನನ್ನನ್ನು ಕೂರಿಸಿದರು. ತಂಗಿ ಬಾಗಿಲಲ್ಲೇ ನಿಂತು ತರಗತಿಯ ದನಿ ತೆಗೆದಳು.

"ನಾನು ಕಾಗದ ಓದಿಲ್ಲ. ಎರಡು ಸಲ ಅಂದದ್ದು ಸುಳ್ಳು. ಪಟ್ಟಿ ಅಂದ್ಕೊಂಡು ಕಸಕ್ಕೆ ಹಾಕ್ದೆ. ಈಗ ನೀವೇ ಅದನ್ನ ಬೆಂಕಿಗೆ ಹಾಕಿದ್ರಿ. ಆದ್ರೂ ನನ್ನ ಉತ್ತರ ಹೂಂ."

"ಹೂಂ ಅಂದ್ರೆ..."

"ಮದುವೆ ಆಗೋಣ ಅಂತ."

ಅವರು ಕೂರಲು ಹೋದರು. ಕುರ್ಚಿಯಲ್ಲಿ ನಾನಿದ್ದೆ. ಮತ್ತೆ ನೆಟ್ಟಗೆ ನಿಂತರು.

"ಟೀಚರ್, ಅದರಲ್ಲಿ ಬರೆದಿದ್ದು... ಭಾನುವಾರ ಉರುಳೋ ಕುಲುಮೆ ನೋಡೋಕೆ ಬರ್ತೀರಾ ಅಂತ. ಇಬ್ಬರಿಗೆ ಪರವಾನಗಿ ಸಿಕ್ಕಿದೆ."

ತಂಗಿಯ ಬಾಯಿ ತೆರೆದದ್ದು ತೆರೆದೇ ಇತ್ತು. "ಅಷ್ಟೇನಾ?"

"ಅಷ್ಟೇ ಅಲ್ಲ! ಮುಂದಿನ ತಿಂಗಳು ಮರಳಿಂದು. ಮೂರೂ ಬಗೆ ತೋರಿಸಿ ಆದ್ಮೇಲೆ ಆ ಮಾತು ಕೇಳೋಣ ಅಂತಿದ್ದೆ. ನನಗೆ ಧೈರ್ಯ ಬರೋಕೆ ಸ್ವಲ್ಪ ಟೈಮ್ ಬೇಕಿತ್ತು."

"ಅಕ್ಕ, ನನ್ನನ್ನೂ ಆ ಗುಂಡಿಗೆ ತಳ್ಳಿಬಿಡು," ಎಂದಳು ತಂಗಿ, ಮುಖ ಮುಚ್ಚಿಕೊಂಡು.

ಆಗ ನನ್ನ ಮೊಣಕೈ ಹತ್ತಿರ, ಕುರ್ಚಿಯ ಕೈಗೆ ಜೋಡಿಸಿದ್ದ ಸ್ಪೀಕರಿನಿಂದ ಒಂದು ಗಂಡಸಿನ ದನಿ ಬಂತು. "ಕಂಟ್ರೋಲ್ ರೂಮಿಂದ ಮಾತಾಡ್ತಿರೋದು. ಅಲ್ಲಿ ಯಾರೋ ಮೈಕ್ ಸ್ವಿಚ್ ಒತ್ತಿದ್ದಾರೆ, ಇಲ್ಲಿ ಎಲ್ಲಾ ಕೇಳಿಸ್ತಾ ಇದೆ. ಕುಲುಮೆಗೆ ಕಸ ಕಮ್ಮಿ ಆಗ್ತಿದೆ. ಮೊದಲು ಟೀಚರಿಗೆ ಹೂಂ ಅನ್ನಿ, ಆಮೇಲೆ ಕಸ ಹಾಕಿ!" ಹಿಂದೆ ಏಳೆಂಟು ಜನ ನಗುವ ಸದ್ದು.

ನಾನು ಮೊಣಕೈ ಎತ್ತಿಕೊಂಡೆ.

"ಹೂಂ," ಎಂದರು ಕ್ರೇನಪ್ಪ. ಕಂಟ್ರೋಲ್ ರೂಮಿಗೆ ಕೇಳಿಸಲಿಲ್ಲವೇನೋ ಎಂದು ನಾನೇ ಸ್ವಿಚ್ ಒತ್ತಿ ಹಿಡಿದೆ. ಅವರು ಬಗ್ಗಿ ಇನ್ನೊಮ್ಮೆ, ಗಟ್ಟಿಯಾಗಿ, "ಹೂಂ!" ಎಂದರು. ಗೇಟಿನ ಹೆಂಗಸು ನಗುತ್ತ ಅಳುತ್ತಿದ್ದಳು.

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕೂತು ಪಂಜ ಎತ್ತಿದರು; ಅದು ಓಲಾಡುತ್ತ ಹೋಗಿ ಅರ್ಧ ಕಸವನ್ನು ಕುಲುಮೆಯ ಬಾಯಿಗೂ, ಅರ್ಧವನ್ನು ಮತ್ತೆ ಗುಂಡಿಗೂ ಸುರಿಯಿತು. ತಂಗಿ ಮೆಲ್ಲಗೆ ಹೋಗಿ ಅವರ ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಭಾನುವಾರ ಎಷ್ಟು ಗಂಟೆಗೆ ಹೊರಡೋದು?"

"ಎಂಟಕ್ಕೆ," ಎಂದರು ಅವರು, ಕಣ್ಣನ್ನು ಪಂಜದಿಂದ ಕೀಳದೆ.

"ಏಳೂವರೆಗೆ," ಎಂದಳು ತಂಗಿ.