ಎರಡೆಳೆಯ ಗಂಟು

ಹಬೆಯುಂಡು ಮೆತ್ತಗಾದ ಹೊಗೆಸೊಪ್ಪಿನ ಎಲೆಯಿಂದ ನಡುನರವನ್ನು ಒಂದೇ ಎಳೆತಕ್ಕೆ ಬಿಡಿಸಿ, ಎರಡು ಹೋಳುಗಳನ್ನು ಹಕ್ಕಿಯ ರೆಕ್ಕೆಗಳಂತೆ ಎಡಬಲಕ್ಕೆ ಹಾಸುತ್ತಿದ್ದಳು ಅವಳು. ಎತ್ತರದ ಕಿಟಕಿಗಳಿಂದಿಳಿದ ಶರತ್ಕಾಲದ ಹೊಂಬಿಸಿಲು ಆ ಹಬೆಯಲ್ಲಿ ಕರಗಿ, ಮಳೆ ನಿಂತ ಮೇಲೂ ಆರದ ಮುಗಿಲಿನಂತೆ ಕೋಣೆಯನ್ನೆಲ್ಲ ತುಂಬಿತ್ತು. ಎದುರಿನ ಮಣೆ ಒಂಬತ್ತು ವರ್ಷಗಳಿಂದ ಬರಿದು... ಆದರೂ ಸಹೃದಯರೇ, ಹಬೆ ದಟ್ಟವಾದಾಗಲೆಲ್ಲ ಅಲ್ಲಿ ಯಾರೋ ತಲೆ ತಗ್ಗಿಸಿ ಎಲೆಯನ್ನು ಮೂಸುತ್ತಿರುವಂತೆ ಕಂಡು, ಅವಳ ಬೆರಳುಗಳು ನಿಂತುಬಿಡುತ್ತಿದ್ದವು!

"ಎಲೆ ಸುಲೀತಿದ್ದೀಯೋ, ಕನಸು ಸುಲೀತಿದ್ದೀಯೋ?" ಎಂದಳು ಪಕ್ಕದ ಮಣೆಯ ಅತ್ತಿಗೆ.

ಅಲ್ಲಿ ಕೂರುತ್ತಿದ್ದವನು ನದಿಯಾಚೆಯ ಕಾರ್ಖಾನೆಗೆ, ಪೈಪಿನ ತಂಬಾಕು ಬೆರೆಸುವ ಕೆಲಸಕ್ಕೆ ಹೋಗಿದ್ದ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಬರೆದಿದ್ದ: "ನನ್ನ ಜೊತೆ ಬಾಳಲು ಬರುತ್ತೀಯಾ? ಉತ್ತರ ಬಾರದಿದ್ದರೆ, ಮತ್ತೆ ಕೇಳಿ ನಿನ್ನನ್ನು ನೋಯಿಸುವುದಿಲ್ಲ." ನಾಲ್ಕು ಜನರ ಕೈ ದಾಟುವ ಅಂಚೆಗೆ ನಾಚಿ, ಇಲ್ಲಿಂದ ಆ ಕಾರ್ಖಾನೆಗೆ ಹೋಗುವ, ಅವನೇ ಬಿಚ್ಚುವ ಎಲೆಮೂಟೆಯ ನಡುವೆ ಅವಳು ಉತ್ತರವನ್ನಿಟ್ಟು ಕಟ್ಟಿದ್ದಳು. ಮರುಮಾತು ಬರಲೇ ಇಲ್ಲ. ಬಂದದ್ದು, ಯಾವ ಎಲೆ ಎಷ್ಟು ಬೇಕೆಂದು ಮೇಸ್ತ್ರಿಗೆ ತಿಂಗಳಿಗೊಂದು ಬೆರಕೆ ಚೀಟಿ; ಅವನದೇ ದುಂಡನೆಯ ಅಕ್ಷರ: ಕೆಂಪೆಲೆ ಎರಡು ಪಾಲು, ಕಪ್ಪೆಲೆ ಒಂದು, ಬೆಲ್ಲದ ಪಾಕ ಹಿತಮಿತ... ಅಷ್ಟೇ! ಸತ್ತವರು ಕಾಡುವುದುಂಟು, ಬದುಕಿರುವವನ ಕೈಬರಹ ಹೀಗೆ ಕಾಡಬೇಕೆ?

ಅಂದು ಉಗ್ರಾಣದ ತಳದಿಂದ ಹಳೆಯ ಮೂಟೆಯೊಂದು ಬಂದಿಳಿಯಿತು. ಅತ್ತಿಗೆ ಹಗ್ಗ ನೋಡಿ ಹುಬ್ಬೇರಿಸಿದಳು.

"ಎರಡೆಳೆಯ ಗಂಟು... ನಿಂದೇ ಅಲ್ವೇನೆ? ಘಾಟು ಹೋಗಿಲ್ಲ, ಮಾಗಲಿ ಅಂತ ಮೇಸ್ತ್ರಿ ಆಗ ಒಂದಷ್ಟು ಮೂಟೆ ವಾಪಸ್ ಇಡಿಸಿದ್ರಲ್ಲ, ಅದರಲ್ಲಿ ಒಂದು ಇದು. ಅಡಿಗೆ ಬಿದ್ದು ಮರೆತೇಹೋಗಿತ್ತು."

ಅವಳೇ ಗಂಟು ಬಿಚ್ಚಿದಳು. ಕಟ್ಟುವ ಮುನ್ನ ಎಲೆ ಮಾಗಿದೆಯೇ ಎಂದು ಮೂಸಬೇಕೆಂಬುದು ಮಣೆಯ ಮೊದಲ ಪಾಠ. ಆ ದಿನ, ಆ ಒಂದೇ ದಿನ, ಸಂಭ್ರಮದಲ್ಲಿ ಅವಳು ಮೂಸಿರಲಿಲ್ಲ!

ಎಲೆಗಳ ನಡುವೆ ಕಾಗದವೂ ಎಲೆಯ ಬಣ್ಣಕ್ಕೆ ತಿರುಗಿತ್ತು. ಬಿಡಿಸಹೋದರೆ ಮಡಿಕೆ ಚಟ್ಟೆಂದಿತು. ಅತ್ತಿಗೆ ಕೈ ಹಿಡಿದಳು.

"ಒಣಗಿದ್ದನ್ನ ಹಾಗೇ ಬಿಡಿಸ್ತಾರೇನೆ? ಪುಡಿಯಾಗುತ್ತೆ. ಹಬೆ ತೋರಿಸು."

ಹಬೆಯಲ್ಲಿ ಕಾಗದ ಮೆಲ್ಲನೆ ಅರಳಿತು. ಸೀಸದಕಡ್ಡಿಯ ಅಕ್ಷರಗಳು ಅಳಿಸಿರಲಿಲ್ಲ: "ಬರುತ್ತೇನೆ. ಕರೆದುಕೊಂಡು ಹೋಗಲು ಬನ್ನಿ."

ಅದನ್ನು ಓದಿದ ಅತ್ತಿಗೆ ಕೇಳಿದಳು: "ಅವರಿಗೀಗ ಹೆಂಡತಿ ಮಕ್ಕಳು ಇದ್ರೆ?"

"ಇದ್ರೆ ಚೆನ್ನಾಗಿರಲಿ, ಅತ್ತಿಗೆ. ನಾನು ಬೇಡ ಅಂದಿರಲಿಲ್ಲ ಅನ್ನೋದಾದ್ರೂ ಗೊತ್ತಾಗಲಿ."

"ಹಾಗಾದ್ರೆ ಸ್ಟಾಂಪು ಅಂಟಿಸು, ಮಾರಾಯ್ತಿ. ಈ ಸಲ ಮೂಟೆ ನಂಬಬೇಡ!"

ಅವಳು ಕೆಳಗೆ ಒಂದೇ ಸಾಲು ಸೇರಿಸಿದಳು: "ಇದನ್ನು ಅಂದೇ ಬರೆದಿದ್ದೆ; ತಡವಾದದ್ದು ನನ್ನ ಗಂಟಿನಿಂದ."

ಬೀದಿಯ ತಿರುವಿನ ಅಂಚೆಡಬ್ಬಿಯ ಮುಂದೆ, ಬಾಗಿದ ಬಿಸಿಲಿನಲ್ಲಿ, ಲಕೋಟೆಯನ್ನು ಮೂಗಿನ ಬಳಿ ಹಿಡಿದಳು. ಈ ಸಲ ಮೂಸಿ ನೋಡಿದಳು. ಘಾಟು ಎಲ್ಲಿಯೂ ಇರಲಿಲ್ಲ; ಒಣದ್ರಾಕ್ಷಿಯಂಥ, ಮೊದಲ ಮಳೆಗೆ ನೆನೆದ ಮರದಂಥ ಮಂದಪರಿಮಳ... ಕತ್ತಲಲ್ಲಿ, ಭಾರದಡಿಯಲ್ಲಿ, ಯಾರ ನೆನಪಿಗೂ ಬಾರದೆ ಬಿದ್ದಿದ್ದಾಗಲೂ ಮನುಷ್ಯನ ಒಲವು ತನ್ನಷ್ಟಕ್ಕೆ ತಾನು ಮಾಗುತ್ತಲೇ ಇರುತ್ತದೆಯಲ್ಲ!

ಅವಳು ಬೆರಳು ಸಡಿಲಿಸಿದಳು. ಒಳಗೆ ಕಾಗದ ಬಿದ್ದ ಸದ್ದು, ಎಲೆಯೊಂದು ಉದುರಿದಷ್ಟೇ ಮೆಲ್ಲಗೆ ಕೇಳಿಸಿತು.