ತಂದೆಯ ಹೆಸರಿಲ್ಲದ ಚೀಟಿ

ನಾವು ಹೆಳವರು. ನಮ್ಮಜ್ಜ ಎತ್ತಿನ ಮೇಲೆ ಕೂತು ಬೆಳಗಾವಿ ಸೀಮೆಯ ಊರೂರು ತಿರುಗಿ, ಒಕ್ಕಲು ಮನೆಗಳ ಬಾಗಿಲಲ್ಲಿ ಅವರ ವಂಶಾವಳಿ ಹೇಳಿ ಕಾಳು ಪಡೆಯುತ್ತಿದ್ದ. ನಾನು ಈ ಪರದೇಶದಲ್ಲಿ, ಅರೋರಾ ಎಂಬ ಊರಿನ ಬೇಸ್‌ಮೆಂಟಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಳಿಯರಿಗೆ ಅದನ್ನೇ ಮಾಡುತ್ತೇನೆ. ಈರೇಶ ಹೆಳವರ, ವಂಶ ಶೋಧಕ ಎಂದು ಕಾರ್ಡು ಬೇರೆ ಅಚ್ಚು ಹಾಕಿಸಿದ್ದೆ. ಜಂಬಕ್ಕೇನು ಕಡಿಮೆಯಿರಲಿಲ್ಲ.

೨೦೧೭ರ ಆಗಸ್ಟಿನಲ್ಲಿ ಮಾರ್ಗರೆಟ್ ಟಾರ್ಬೆಟ್ ಎಂಬ ಮುದುಕಿ ಕರೆಸಿಕೊಂಡಳು. ಎಂಬತ್ತನಾಲ್ಕು ವರ್ಷ, ಮದುವೆಯಾದವಳಲ್ಲ, ಹೊಟ್ಟೆಯಲ್ಲಿ ಕ್ಯಾನ್ಸರ್. ಆಕೆಯ ಅಪ್ಪ ಥಾಮಸ್‌ನನ್ನು ಹತ್ತನೆಯ ವಯಸ್ಸಿಗೇ ಬ್ರಿಟನ್ನಿನ ಯಾವುದೋ ಅನಾಥಾಲಯದವರು ಹಡಗು ಹತ್ತಿಸಿ, ಇಲ್ಲಿಯ ಹೊಲದ ಕೆಲಸಕ್ಕೆ ಕಳಿಸಿದ್ದರಂತೆ. ‘ಹೆತ್ತವಳಿಗೇ ಬೇಡವಾದವನು’ ಎಂದು ತನ್ನನ್ನೇ ಹಳಿದುಕೊಳ್ಳುತ್ತ ಸತ್ತಿದ್ದ. ಅವನ ಬೂದಿಯ ಡಬ್ಬಿ ಆಕೆಯ ಕಿಟಕಿಯಲ್ಲಿತ್ತು.

“ಅಪ್ಪನ ಜನರನ್ನು ಹುಡುಕಿಕೊಡು. ನಮ್ಮಿಬ್ಬರ ಬೂದಿ ಅವರ ನಡುವೆ ಇರಲಿ,” ಎಂದಳು.

ಆ ವಯಸ್ಸಿನ ಇಬ್ಬರು ಥಾಮಸ್ ಟಾರ್ಬೆಟ್‌ಗಳು ದಾಖಲೆಯಲ್ಲಿ ಸಿಕ್ಕರು. ಲಿವರ್‌ಪೂಲಿನವನ ತಂದೆ ಜೇಮ್ಸ್. ಗ್ಲಾಸ್ಗೋದವನ ತಾಯಿ ಎಲೆನ್ ಟಾರ್ಬೆಟ್, ತಂದೆಯ ಜಾಗ ಖಾಲಿ. ಅವನ ಜನನದ ಚೀಟಿಯನ್ನು ಪಕ್ಕಕ್ಕಿಟ್ಟೆ. ನಮ್ಮಜ್ಜನ ಬಾಯಲ್ಲಿ ಹೆಂಗಸರ ಹೆಸರು ಕೇಳಿದವನೇ ಅಲ್ಲ ನಾನು: ಅಪ್ಪ, ಅವನಪ್ಪ, ಅವನಪ್ಪ. ಅಪ್ಪನಿಲ್ಲದ ಮನೆಯ ಮುಂದೆ ಹೆಳವನ ಎತ್ತು ನಿಲ್ಲುವುದಿಲ್ಲ. ಇಂಗ್ಲೆಂಡಿನ ಜೇಮ್ಸ್‌ನನ್ನು ಹಿಡಿದು ಸ್ಕಾಟ್ಲೆಂಡಿಗೆ, ಅಲ್ಲಿಂದ ಐರ್ಲೆಂಡಿಗೆ ಏಳು ತಲೆಮಾರು ಏರಿದೆ. ಐರ್ಲೆಂಡಿನ ಆಂಟ್ರಿಮ್‌ನಲ್ಲಿ ಆ ಮನೆತನದವರು ಇನ್ನೂ ಇದ್ದರು. ತಮ್ಮ ಸ್ಮಶಾನದಲ್ಲಿ ಜಾಗ ಕೊಡಲು ಸಂತೋಷದಿಂದ ಒಪ್ಪಿದರು. ಬಾಗಿಲಲ್ಲಿ ನಿಂತು ಏಳೂ ಹೆಸರು ಹೇಳಿದಾಗ ಮುದುಕಿ ಅತ್ತಳು, ಇಬ್ಬರ ಬೂದಿಯೂ ಅಲ್ಲಿಗೇ ಹೋಗಬೇಕೆಂದು ಮರುವಾರವೇ ಉಯಿಲು ಬರೆಸಿದಳು.

ಅನಾಥಾಲಯದ ಕಡತ ಕೇಳಿ ನಾನು ಬರೆದಿದ್ದ ಅರ್ಜಿಗೆ ನವೆಂಬರಿನಲ್ಲಿ ಉತ್ತರ ಬಂತು. ಆಕೆಯ ಅಪ್ಪ ಗ್ಲಾಸ್ಗೋದ ಥಾಮಸ್. ಜೊತೆಗೆ ಎಲೆನ್‌ಳ ಪತ್ರಗಳು, ಹನ್ನೊಂದು ವರ್ಷ ಬಿಡದೆ ಅನಾಥಾಲಯಕ್ಕೆ ಬರೆದವು. ‘ಚಳಿಗಾಲ ಕಳೆಯುವವರೆಗೆ ಮಾತ್ರ ಬಿಟ್ಟಿದ್ದೆ. ನನ್ನ ಮಗನನ್ನು ಎಲ್ಲಿಗೆ ಕಳಿಸಿದಿರಿ?’ ಒಂದಕ್ಕೂ ಉತ್ತರ ಹೋಗಿರಲಿಲ್ಲ. ಬಟ್ಟೆ ಒಗೆದು ಬದುಕುತ್ತಿದ್ದ ಆ ಹೆಂಗಸು ಗ್ಲಾಸ್ಗೋದಲ್ಲೇ ಬಡವರನ್ನು ಒಟ್ಟಿಗೆ ಹೂಳುವ ಗುರುತಿಲ್ಲದ ಗುಂಡಿಯಲ್ಲಿ ಮಣ್ಣಾಗಿದ್ದಳು.

“ಸಾಯೂ ಮುದುಕಿಗೆ ಹೇಳಿ ಏನ್ ಪುಣ್ಯಾ ಕಟ್ಕೋತೀರಿ? ಪೀಸ್‌ಫುಲ್ಲಾಗಿ ಹೋಗಾಕ ಬಿಡ್ರಿ,” ಎಂದಳು ಹೆಂಡತಿ ರುದ್ರವ್ವ.

“ತಪ್ಪು ಹೇಳಿದ ಹೆಳವ ಅದ ಬಾಗಲದಾಗ ನಿಂತು ತಿದ್ದಬೇಕಾಗತೈತಿ,” ಎಂದು ಹೊರಟೆ.

ಮಾರ್ಗರೆಟ್ ಹಾಸಿಗೆಯಲ್ಲೇ ನನ್ನಿಂದ ಪತ್ರಗಳನ್ನೆಲ್ಲ ಓದಿಸಿಕೊಂಡಳು. ಆಮೇಲೆ ಕೇಳಿದಳು:

“ಈ ಹೆಸರು ನಿನಗೆ ಯಾವಾಗ ಸಿಕ್ಕಿತು?”

“ಆಗಸ್ಟಿನಲ್ಲೇ ನೋಡಿದ್ದೆ. ಪಕ್ಕಕ್ಕಿಟ್ಟಿದ್ದೆ.”

“ಆಗಸ್ಟಿನಲ್ಲಿ ನಾನು ನಡೆಯುತ್ತಿದ್ದೆ. ಅಪ್ಪನನ್ನು ನಾನೇ ಅವಳ ಹತ್ತಿರ ಒಯ್ಯುತ್ತಿದ್ದೆ,” ಎಂದಳು. ಉಗಿದಿದ್ದರೂ ತಡೆದುಕೊಳ್ಳುತ್ತಿದ್ದೆ.

ಉಯಿಲು ತಿದ್ದಲು ವಕೀಲರು ಸೋಮವಾರ ಬರುವವರಿದ್ದರು. ಭಾನುವಾರವೇ ಆಕೆ ಹೋದಳು. ವಕೀಲರು ಪತ್ರಗಳನ್ನು ನೋಡಿ ಪಾಪ ಎಂದರು, ಆದರೆ ಸಹಿಯಾದದ್ದೇ ನಡೆಯಬೇಕು ಎಂದರು. ಆಂಟ್ರಿಮ್‌ನವರಿಗೆ ನಿಜ ಹೇಳಿದರೆ ಇಬ್ಬರಿಗೂ ಅಲ್ಲಿಯೂ ಜಾಗವಿಲ್ಲದಂತಾದೀತೆಂದು ಬಾಯಿ ಮುಚ್ಚಿಕೊಂಡೆ. ಹೇಡಿ ನಾನು.

ಏಪ್ರಿಲಿನಲ್ಲಿ ಅವರು ಹೊಸ ಗೋರಿಕಲ್ಲಿನ ಫೋಟೊ ಕಳಿಸಿದರು. ‘ಜೇಮ್ಸ್‌ನ ಮಗ ಥಾಮಸ್. ಥಾಮಸ್‌ನ ಮಗಳು ಮಾರ್ಗರೆಟ್.’ ನಮ್ಮವರನ್ನು ಮನೆಗೆ ಸೇರಿಸಿದಿರಿ, ನಿಮಗೆ ಋಣಿಗಳು ಎಂದು ಕೆಳಗೆ ಬರೆದಿದ್ದರು.